ಪರಧರ್ಮವನ್ನು ಸೈರಿಸಿದೆವು, ಪರವಿಚಾರವನ್ನು?

ನಾನಿರುವ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಬೇರೆ ಬೇರೆ ಧರ್ಮದವರು ಒಟ್ಟಿಗೆ ಕುಳಿತು ಮಾತನಾಡುವ ಸಭೆಗಳಿಗೆ ಕೊರತೆಯಿಲ್ಲ. ಅಂಥದ್ದೊಂದು ಸಭೆಯಲ್ಲಿ, 2022ರ ಹಿಂದೂ-ಮುಸ್ಲಿಂ ಗಲಭೆ ಕಳೆದ ನಂತರದ ಚಳಿಗಾಲದ ಒಂದು ಸಂಜೆ, ಕರ್ಮ ಮತ್ತು ಪುನರ್ಜನ್ಮದ ಬಗ್ಗೆ ಹತ್ತು ನಿಮಿಷ ಮಾತನಾಡುವ ಸರದಿ ನನ್ನದಾಗಿತ್ತು. ಮಾತು ಮುಗಿಸಿದಾಗ ಹಿಂದಿನ ಸಾಲಿನಲ್ಲಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೈಯೆತ್ತಿ, ತಗ್ಗಿದ ದನಿಯಲ್ಲಿ ಕೇಳಿದರು: "ನನ್ನ ಮೊಮ್ಮಗಳು ಹುಟ್ಟುವಾಗಲೇ ಹೃದಯದ ಕಾಯಿಲೆ ಇದ್ದವಳು. ನೀವು ಹೇಳಿದ ಪ್ರಕಾರ ಅದು ಅವಳೇ ಹಿಂದೆಂದೋ ಮಾಡಿದ ತಪ್ಪಿನ ಫಲ ಎಂದಾಗುತ್ತದೆ, ಅಲ್ಲವೇ?" ಸಭೆ ನಡೆಸುತ್ತಿದ್ದವರು ನನಗೆ ಉತ್ತರಿಸಲು ಬಿಡದೆ, ಇದು ಸೂಕ್ಷ್ಮವಾದ ವಿಷಯ, ಇನ್ನೊಮ್ಮೆ ನೋಡೋಣ, ಚಹಾ ಆರಿಹೋಗುತ್ತಿದೆ ಎಂದು ಎದ್ದುಬಿಟ್ಟರು. ಎಲ್ಲರಿಗೂ ನಿರಾಳವಾಯಿತು. ಆ ಹಿರಿಯರು ಮಾತ್ರ ಆಮೇಲೆ ಬಸ್ ನಿಲ್ದಾಣದವರೆಗೆ ನನ್ನ ಜೊತೆಗೇ ಬಂದು, ನಿಮ್ಮ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಎಂದರು. ನನಗೆ ನಿಜವಾಗಿಯೂ ಸಂಕಟವಾಯಿತು. ನಾನು ನಂಬಿದ್ದನ್ನು ಆ ಕೋಣೆಯಲ್ಲಿ ಮನಸ್ಸಿಟ್ಟು ಕೇಳಿಸಿಕೊಂಡು, ಅದನ್ನು ತನ್ನ ಮನೆಯ ಮಗುವಿನ ಪಕ್ಕದಲ್ಲಿಟ್ಟು ನೋಡಿದ್ದವರು ಅವರೊಬ್ಬರೇ ಆಗಿದ್ದರು, ಮತ್ತು ಕ್ಷಮೆ ಕೇಳಬೇಕಾಗಿ ಬಂದದ್ದೂ ಅವರಿಗೇ.

ಅಂದು ರಾತ್ರಿ ನನ್ನ ತಲೆಯಲ್ಲಿ ಸುಳಿದದ್ದು ಕನ್ನಡಿಗರಿಗೆಲ್ಲ ಬಾಯಿಪಾಠವಾಗಿರುವ ಕವಿರಾಜಮಾರ್ಗದ ಸಾಲು: "ಕಸವರಮೆಂಬುದು ನೆಱೆ ಸೈರಿಸಲಾರ್ಪೊಡೆ ಪರವಿಚಾರಮುಮಂ ಪರಧರ್ಮಮುಮಂ." ಪರರ ವಿಚಾರವನ್ನೂ ಪರರ ಧರ್ಮವನ್ನೂ ಪೂರ್ತಿ ಸೈರಿಸಬಲ್ಲೆವಾದರೆ ಅದೇ ನಿಜವಾದ ಚಿನ್ನ ಎಂದು ಅದರ ಅರ್ಥ. ರಾಜ್ಯೋತ್ಸವದ ಭಾಷಣಗಳಲ್ಲಿ ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ, ಆದರೆ ಅದರಲ್ಲಿ ಎರಡು ಬೇರೆ ಬೇರೆ ಪದಗಳಿವೆ ಎಂಬುದನ್ನು ಅಂದಿನವರೆಗೆ ಗಮನಿಸಿರಲಿಲ್ಲ. ಪರಧರ್ಮ ಒಂದು, ಪರವಿಚಾರ ಇನ್ನೊಂದು. 9ನೇ ಶತಮಾನದ ಆ ಕವಿ ಎರಡನ್ನೂ ಒಂದೇ ಎಂದು ತಿಳಿದಿದ್ದರೆ ಒಂದನ್ನು ಹೇಳಿ ಸುಮ್ಮನಾಗಬಹುದಿತ್ತು. ಅವನು ವಿಚಾರವನ್ನು ಮೊದಲಿಟ್ಟ, ಧರ್ಮವನ್ನು ಆಮೇಲಿಟ್ಟ. 'ನೆಱೆ', ಅಂದರೆ ಪೂರ್ತಿಯಾಗಿ, ಎಂಬ ಮಾತನ್ನೂ ಸೇರಿಸಿದ. 'ಆರ್ಪೊಡೆ', ಅಂದರೆ ಆ ಶಕ್ತಿ ಇರುವುದಾದರೆ, ಎಂಬ ಷರತ್ತನ್ನೂ ಹಾಕಿದ. ಪಕ್ಕದ ಮನೆಯವನು ಬೇರೆ ದೇವರಿಗೆ ಕೈಮುಗಿಯುವುದನ್ನು ಸೈರಿಸುವುದು ಒಂದು ಬಗೆಯ ಶಕ್ತಿ. ಅವನು ನಮ್ಮ ಜಗಲಿಯ ಮೇಲೆ ಕುಳಿತು, ನಿಮ್ಮ ದೇವರ ವಿಷಯದಲ್ಲಿ ನೀವು ಹೇಳುವ ಈ ಮಾತು ನನಗೆ ಸರಿಕಾಣುವುದಿಲ್ಲ ಎಂದಾಗ, ಅವನ ಕಾರಣವನ್ನು ಕೊನೆಯವರೆಗೆ ಕೇಳಿಸಿಕೊಳ್ಳುವುದು ಬೇರೆಯೇ ಶಕ್ತಿ. ನಾನು ಬಾಳುತ್ತಿರುವ ಊರಿಗೂ ಹುಟ್ಟಿದ ಊರಿಗೂ ಇರುವ ವ್ಯತ್ಯಾಸವನ್ನು ಈ ಎರಡು ಪದಗಳನ್ನು ಬಿಡಿಸಿಟ್ಟುಕೊಂಡು ನೋಡಿದರೆ ಮಾತ್ರ ಅರ್ಥಮಾಡಿಕೊಳ್ಳಲು ಸಾಧ್ಯ ಎಂದು ನನಗೆ ಅನ್ನಿಸಿದೆ.

ಪರಧರ್ಮದ ವಿಷಯದಲ್ಲಿ ಲೆಸ್ಟರ್ ನಗರಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾ ಮೂಲದವರನ್ನು ಹೊರಹಾಕಿದಾಗ, ನಮ್ಮಲ್ಲಿಗೆ ಬರಬೇಡಿ ಎಂದು ಅಲ್ಲಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದ ನಗರಸಭೆ ಇದು. ಇಂದು ಬೆಲ್‌ಗ್ರೇವ್ ರಸ್ತೆಯಲ್ಲಿ ದೀಪಾವಳಿಗೆ ದೀಪ ಹಚ್ಚಿಸುವುದೂ ಇದೇ ನಗರಸಭೆ. 2021ರ ಜನಗಣತಿಯ ಪ್ರಕಾರ ಇಲ್ಲಿ ಕ್ರೈಸ್ತರು, ಮುಸ್ಲಿಮರು, ಯಾವ ಧರ್ಮವೂ ಇಲ್ಲವೆಂದು ಬರೆಸಿದವರು ಒಂದೊಂದೂ ಹೆಚ್ಚುಕಡಿಮೆ ಕಾಲುಭಾಗದಷ್ಟಿದ್ದಾರೆ, ಹಿಂದೂಗಳು ನೂರಕ್ಕೆ ಸುಮಾರು 18ರಷ್ಟಿದ್ದಾರೆ. ಆಕ್ಸ್‌ಫರ್ಡ್ ಬೀದಿಯಲ್ಲಿ ಹಳೆಯ ಪ್ರಾರ್ಥನಾಮಂದಿರವೊಂದನ್ನು ಕೊಂಡು ಜೈನರು 1988ರಲ್ಲಿ ಪ್ರತಿಷ್ಠೆ ಮಾಡಿದ ಬಸದಿಯಿದೆ. ಬಿಳಿ ಅಮೃತಶಿಲೆಯ ಮುಖಮಂಟಪವನ್ನು ದಾಟಿ ಒಳಗೆ ಹೋದರೆ ಒಂದೇ ಸೂರಿನಡಿ ಶ್ವೇತಾಂಬರರಿಗೂ ದಿಗಂಬರರಿಗೂ ಸ್ಥಾನಕವಾಸಿಗಳಿಗೂ ಜಾಗವಿದೆ. ಶ್ರವಣಬೆಳಗೊಳದ ನಾಡಿನಿಂದ ಬಂದ ನನಗೆ ಅಲ್ಲಿನ ದಿಗಂಬರ ಮೂರ್ತಿಯ ಮುಂದೆ ನಿಂತಾಗಲೆಲ್ಲ ಊರಿನವರನ್ನು ಕಂಡಂತಾಗುತ್ತದೆ. ಶಾಲೆಯ ಮಕ್ಕಳು ಸಾಲಾಗಿ ಬಂದು, ಬೂಟು ಕಳಚಿಟ್ಟು, ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆ ಕೇಳಿ, ಅನೇಕಾಂತವಾದ ಎಂದರೆ ಎಲ್ಲರ ಮಾತೂ ಸ್ವಲ್ಪ ಸ್ವಲ್ಪ ಸರಿ ಎಂದು ಬರೆದುಕೊಂಡು ಹೋಗುತ್ತಾರೆ.

ಅಷ್ಟೇ ಬರೆದುಕೊಂಡು ಹೋಗುತ್ತಾರಲ್ಲ ಎಂಬುದೇ ನನ್ನ ಕೊರಗು. ಅನೇಕಾಂತವನ್ನು ಕಟ್ಟಿ ಬೆಳೆಸಿದ ಜೈನ ಆಚಾರ್ಯರು, ಎಲ್ಲವೂ ಸರಿ ಎಂದು ಕೈಕಟ್ಟಿ ಕುಳಿತವರಲ್ಲ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನದಲ್ಲಿ, ಪಾಟಲಿಪುತ್ರದಿಂದ ಹಿಡಿದು ಊರೂರಿಗೆ ಹೋಗಿ ವಾದದ ಭೇರಿ ಬಾರಿಸಿದ ಸಮಂತಭದ್ರರ ಮಾತಿದೆ. ವಾದಕ್ಕಾಗಿ ಹುಲಿಯಂತೆ ತಿರುಗಾಡುತ್ತಿದ್ದೇನೆ ಎಂದು ಅವರು ಅರಸನಿಗೆ ಹೇಳುತ್ತಾರೆ. ಬೌದ್ಧರೊಡನೆ ವಾದ ಮಾಡಿದ ಅಕಲಂಕರ ಹೆಸರೂ ಅದೇ ಶಾಸನದಲ್ಲಿದೆ. ಎದುರಾಳಿಯ ಮಾತು ಯಾವ ನೆಲೆಯಿಂದ ಸರಿ, ಯಾವ ನೆಲೆ ತಲುಪಿದಾಗ ತಪ್ಪಾಗುತ್ತದೆ ಎಂಬುದನ್ನು ಒರೆಹಚ್ಚಿ ನೋಡಲು ಅವರಿಗೆ ಸಿಕ್ಕಿದ ಸಾಧನ ಅನೇಕಾಂತ. ಅದನ್ನೇ ನಾವಿಂದು ಮಾತು ಮುಗಿಸುವ ಉಪಾಯವಾಗಿ ಬಳಸುತ್ತಿದ್ದೇವೆ.

2022ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಇದೇ ನಗರದ ಬೀದಿಗಳಲ್ಲಿ ಹಿಂದೂ ಮತ್ತು ಮುಸ್ಲಿಂ ಯುವಕರು ಗುಂಪುಗಟ್ಟಿ ಎದುರುಬದುರು ನಿಂತರು. ಎರಡೂ ಕಡೆಯ ಮುಖಂಡರು ಮಸೀದಿಯೊಂದರ ಮುಂದೆ ಒಟ್ಟಿಗೆ ನಿಂತು ಶಾಂತಿಗಾಗಿ ಜಂಟಿ ಹೇಳಿಕೆಯನ್ನು ಓದಿದರು. ಅದು ದೊಡ್ಡ ಕೆಲಸ, ಅದರಿಂದ ಎಷ್ಟೋ ಮನೆಗಳವರು ಅಂದು ನೆಮ್ಮದಿಯಾಗಿ ಮಲಗಿದರು. ಗಲಭೆಗೆ ಕಾರಣಗಳು ಹಲವು, ಅದನ್ನೆಲ್ಲ ಧರ್ಮಚರ್ಚೆಯ ಲೆಕ್ಕಕ್ಕೆ ಬರೆಯಲಾಗದು. ಆದರೂ, ಇಷ್ಟು ವರ್ಷ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗಿ ಸಿಹಿ ತಿಂದು ಬಂದ ನಾವು, ನಿಮ್ಮ ಮಾತಿನಲ್ಲಿ ನಮಗೆ ಒಪ್ಪಿಗೆಯಾಗದ್ದು ಇದು ಎಂದು ಒಮ್ಮೆಯಾದರೂ ಎದುರೆದುರು ಹೇಳಿದ್ದೆವೇ ಎಂದು ಕೇಳಿಕೊಂಡರೆ, ಇಲ್ಲ. ಮುಖಕ್ಕೆ ಹೇಳದೆ ಉಳಿದ ಮಾತನ್ನು ಮನೆಯೊಳಗೆ ಮಕ್ಕಳು ಕೇಳಿಸಿಕೊಂಡಿದ್ದರು. ಮನೆಯೊಳಗಿನ ಮಾತಿಗೆ ಎದುರಾಡುವವರು ಅಲ್ಲಿರುವುದಿಲ್ಲ.

ನಾನು ಬೆಳೆದದ್ದು ಕೊಪ್ಪದ ಕಡೆ, ಅಡಿಕೆ ತೋಟದ ಮನೆಯಲ್ಲಿ. ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯುವ ಕೆಲಸ. ಜಗಲಿಯ ಮೇಲೆ ನಾಲ್ಕು ಜನ, ಅಂಗಳದಲ್ಲಿ ಹತ್ತು ಹನ್ನೆರಡು ಜನ, ಎಲ್ಲರ ಮುಂದೆಯೂ ಒಂದೊಂದು ಮೆಟ್ಟುಗತ್ತಿ, ನಡುವೆ ಹಸಿ ಅಡಿಕೆಯ ರಾಶಿ. ಕೈಗೆ ಹತ್ತಿದ ಚೊಗರು ವಾರಗಟ್ಟಲೆ ಹೋಗುತ್ತಿರಲಿಲ್ಲ. ಆ ದಿನಗಳಲ್ಲಿ ಅಜ್ಜನ ಗೆಳೆಯರಾದ ಮಾಧ್ವ ಆಚಾರ್ರು ಸುಲಿಯುವ ನೆಪದಲ್ಲಿ ಬಂದು ಕುಳಿತರೆಂದರೆ, ನಡುರಾತ್ರಿಯವರೆಗೆ ಅದ್ವೈತಕ್ಕೂ ದ್ವೈತಕ್ಕೂ ಜಗಳ. ಛಾಂದೋಗ್ಯ ಉಪನಿಷತ್ತಿನ ವಾಕ್ಯವನ್ನು ಅಜ್ಜ 'ತತ್ ತ್ವಂ ಅಸಿ', ನೀನು ಅದೇ, ಎಂದು ಬಿಡಿಸಿದರೆ, ಆಚಾರ್ರು ಮಧ್ವಾಚಾರ್ಯರು ತೋರಿಸಿದಂತೆ ಹಿಂದಿನ ಪದದ ಜೊತೆ ಸಂಧಿ ಬಿಡಿಸಿ 'ಅತತ್ ತ್ವಂ ಅಸಿ', ನೀನು ಅದಲ್ಲ, ಎಂದು ಓದುತ್ತಿದ್ದರು. ಒಂದು ಅಕಾರಕ್ಕಾಗಿ ಎರಡು ರಾತ್ರಿ ಕಳೆದದ್ದು ನನಗೆ ನೆನಪಿದೆ. ನನಗೆ ಆಗ ಅರ್ಥವಾಗದ, ಈಗ ಬಹಳ ಬೆಲೆಬಾಳುವ ಸಂಗತಿಯೊಂದಿತ್ತು. ಅಜ್ಜ ಖಂಡನೆಗೆ ಹೊರಡುವ ಮೊದಲು, "ಆಚಾರ್ರೇ, ನೀವು ಹೇಳೂದು ಹಿಂಗಲ್ದಾ?" ಎಂದು ಅವರ ವಾದವನ್ನು ತಾವೇ ಹೇಳುತ್ತಿದ್ದರು. ಆಚಾರ್ರು ಕತ್ತಿಯಿಂದ ಕಣ್ಣೆತ್ತದೆ, "ಅಲ್ಲ ಭಟ್ರೇ, ಅರ್ಧ ಬಿಟ್ರಿ" ಎನ್ನುತ್ತಿದ್ದರು. ಅಜ್ಜ ಮತ್ತೆ ಹೇಳುತ್ತಿದ್ದರು. "ಹ್ಞಾಂ, ಈಗ ಸರಿ, ಈಗ ಖಂಡಿಸಿ" ಎಂಬ ಅಪ್ಪಣೆ ಸಿಕ್ಕ ಮೇಲೆಯೇ ಅಜ್ಜನ ವಾದ ಶುರುವಾಗುತ್ತಿತ್ತು.

ಇದು ಅವರಿಬ್ಬರ ಸೌಜನ್ಯವಷ್ಟೇ ಎಂದುಕೊಂಡಿದ್ದೆ. ಗಣೇಶ ಚೌತಿಯಿಂದ ಶೃಂಗೇರಿಯಲ್ಲಿ ನಡೆಯುವ, ವಿದ್ವಾಂಸರು ಶಾಸ್ತ್ರಚರ್ಚೆ ಮಾಡುವ ವಾಕ್ಯಾರ್ಥ ಸಭೆಗೆ ಅಜ್ಜ ನನ್ನನ್ನು ಕರೆದುಕೊಂಡು ಹೋದಾಗ, ಅಲ್ಲಿಯೂ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಮೊದಲು ಅನುವಾದ ಮಾಡದೆ ಯಾರೂ ತಮ್ಮ ಸಿದ್ಧಾಂತಕ್ಕೆ ಕೈಹಾಕುವುದಿಲ್ಲ ಎಂಬುದನ್ನು ಕಂಡೆ. ಇಂದು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ತರುವುದಕ್ಕೆ ನಾವು ಅನುವಾದ ಎನ್ನುತ್ತೇವೆ. ಶಾಸ್ತ್ರದವರಿಗೆ ಅನುವಾದ ಎಂದರೆ ಎದುರಾಳಿಯ ಮಾತನ್ನು ತನ್ನ ಬಾಯಿಂದ ತಪ್ಪಿಲ್ಲದೆ ಮತ್ತೆ ಹೇಳುವುದು. ತರ್ಕಶಾಸ್ತ್ರದ ಮೂಲಗ್ರಂಥವಾದ ನ್ಯಾಯಸೂತ್ರದಲ್ಲಿ ವಾದದಲ್ಲಿ ಸೋಲುವ 22 ಬಗೆಗಳನ್ನು, ಅಂದರೆ ನಿಗ್ರಹಸ್ಥಾನಗಳನ್ನು, ಹೆಸರಿಸಿದ್ದಾರೆ. ಅವುಗಳಲ್ಲಿ ಒಂದು ಅನನುಭಾಷಣ. ಎದುರಿನವನು ಮೂರು ಸಲ ಹೇಳಿ, ಸಭೆಗೂ ಅರ್ಥವಾಗಿ, ಆಮೇಲೂ ಅವನ ಮಾತನ್ನು ತಿರುಗಿ ಹೇಳಲಾಗದಿದ್ದರೆ, ನೀನು ಎಷ್ಟೇ ಒಳ್ಳೆಯ ಯುಕ್ತಿಯನ್ನು ಇಟ್ಟುಕೊಂಡಿದ್ದರೂ ಸೋತೆ ಎಂದೇ ಲೆಕ್ಕ. ನಾನು ಕೇಳಿರುವ ಇಂದಿನ ಧರ್ಮಚರ್ಚೆಗಳಿಗೆ ಈ ಒಂದು ನಿಯಮವನ್ನು ಹಚ್ಚಿದರೆ, ಎರಡೂ ಕಡೆಯವರು ಮೊದಲ ಐದು ನಿಮಿಷದಲ್ಲೇ ಸೋತಿರುತ್ತಾರೆ. ತಿಳಿಯಬೇಕೆಂದು ಮಾಡುವುದು ವಾದ, ಗೆಲ್ಲಬೇಕೆಂದು ಮಾಡುವುದು ಜಲ್ಪ, ತನ್ನದೆಂದು ಏನನ್ನೂ ಇಡದೆ ಬರೀ ಕೆಡಹುವುದು ವಿತಂಡ ಎಂದು ಅದೇ ಗ್ರಂಥ ಬೇರ್ಪಡಿಸುತ್ತದೆ. ನಮ್ಮ ಆಡುಮಾತಿನಲ್ಲಿ ವಿತಂಡವಾದ ಎಂಬ ಬೈಗುಳ ಉಳಿದಿದೆ, ಜಲ್ಪ ಮರೆತುಹೋಗಿದೆ. ಹಾಗಾಗಿಯೇ ಇರಬೇಕು, ಗೆಲ್ಲುವುದಕ್ಕಾಗಿ ಮಾಡುವುದನ್ನೂ ನಾವು ವಾದವೆಂದೇ ಕರೆಯುತ್ತಿದ್ದೇವೆ.

ವಿಜಯನಗರದಲ್ಲಿದ್ದ ಮಾಧ್ವ ಯತಿ ವ್ಯಾಸತೀರ್ಥರು ನ್ಯಾಯಾಮೃತ ಬರೆದು ಅದ್ವೈತವನ್ನು ಖಂಡಿಸಿದರು. ಕಾಶಿಯಲ್ಲಿದ್ದ ಮಧುಸೂದನ ಸರಸ್ವತಿಯವರು ಅದಕ್ಕೆ ಸಾಲುಸಾಲಿಗೆ ಉತ್ತರವಾಗಿ ಅದ್ವೈತಸಿದ್ಧಿ ಬರೆದರು. ಅದಕ್ಕೆ ವ್ಯಾಸ ರಾಮಾಚಾರ್ಯರ ತರಂಗಿಣಿ, ಅದಕ್ಕೆ ಬ್ರಹ್ಮಾನಂದರ ಲಘುಚಂದ್ರಿಕೆ. ರಾಮಾಚಾರ್ಯರು ಮಧುಸೂದನರ ಬಳಿಯೇ ಶಿಷ್ಯರಾಗಿದ್ದು ಅದ್ವೈತವನ್ನು ಪೂರ್ತಿ ಕಲಿತು, ಆಮೇಲೆ ಅದನ್ನೇ ಖಂಡಿಸಿದ ಗ್ರಂಥವನ್ನು ಗುರುಗಳಿಗೆ ಒಪ್ಪಿಸಿದರು ಎಂಬ ಕಥೆಯನ್ನು ಎರಡೂ ಕಡೆಯ ವಿದ್ವಾಂಸರು ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಅದನ್ನು ಎರಡೂ ಕಡೆಯವರು ಹೆಮ್ಮೆಯಿಂದ ಉಳಿಸಿಕೊಂಡಿದ್ದಾರೆ ಎಂಬುದೇ ನನಗೆ ಮುಖ್ಯ.

ಆದರೆ ಅಡಿಕೆ ಸುಲಿಯುವ ಆ ರಾತ್ರಿಗಳನ್ನು ಚಂದಗಾಣಿಸಿ ಹೇಳಿ ಮುಗಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಒಂದು ರಾತ್ರಿ ಅಂಗಳದಲ್ಲಿ ಕುಳಿತು ಸುಲಿಯುತ್ತಿದ್ದ ಹಿರಿಯ ಹೆಂಗಸೊಬ್ಬರು, ಬಹಳ ಹೊತ್ತು ಕೇಳಿಸಿಕೊಂಡಿದ್ದು, "ಭಟ್ರೇ, ಎಲ್ಲಾ ಒಂದೇ ಅಂತೀರಲ್ಲ, ಹಂಗಾರೆ ನಾವ್ಯಾಕೆ ಅಂಗಳದಲ್ಲಿ, ನೀವ್ಯಾಕೆ ಜಗಲಿಯಲ್ಲಿ?" ಎಂದು ಕೇಳಿದರು. ಅಜ್ಜ ಉತ್ತರ ಹೇಳಲಿಲ್ಲ. "ಕೇಳಿದ್ದು ಸರಿಯಾಗೇ ಕೇಳಿದಾಳೆ" ಎಂದರು ಆಚಾರ್ರು. ಆದರೆ ಅವರು ಕುಳಿತಿದ್ದದ್ದೂ ಜಗಲಿಯಲ್ಲೇ. ಅಂದು ವಾದ ಅಲ್ಲಿಗೇ ನಿಂತಿತು, ಮರುದಿನ ಬೇರೆ ವಿಷಯದಿಂದ ಶುರುವಾಯಿತು. ಆಕೆಯ ಮಾತನ್ನು ಅನುವಾದ ಮಾಡಿ, ನೀನು ಹೇಳುವುದು ಹೀಗಲ್ಲವೇ ಎಂದು ಯಾರೂ ಕೇಳಲಿಲ್ಲ. ಪೂರ್ವಪಕ್ಷವನ್ನು ಇಷ್ಟು ಗೌರವಿಸಿದ ನಮ್ಮ ಪರಂಪರೆಯಲ್ಲಿ ಪೂರ್ವಪಕ್ಷಿಯಾಗುವ ಅಧಿಕಾರ ಯಾರಿಗಿತ್ತು ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಆ ರಾತ್ರಿ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಒಂದಾದ ಮೇಲೊಂದು ಕಟುಪ್ರಶ್ನೆ ಹಾಕಿ ಕೆಣಕುತ್ತಾರೆ, ಅಕ್ಕ ಅಷ್ಟೂ ಪ್ರಶ್ನೆಗಳಿಗೆ ಎದುರುತ್ತರ ಕೊಟ್ಟು ನಿಲ್ಲುತ್ತಾಳೆ. ಹೆಣ್ಣೊಬ್ಬಳನ್ನು ಕನಿಕರಿಸದೆ, ಸರಿಸಮಳೆಂದು ತಿಳಿದು ಪ್ರಶ್ನೆ ಕೇಳುವ ಸಭೆಯನ್ನು ಕನ್ನಡ ಕಲ್ಪಿಸಿಕೊಂಡಿತ್ತು. ನಮ್ಮ ಮನೆಯ ಜಗಲಿಯವರೆಗೆ ಅದು ಬಂದಿರಲಿಲ್ಲ.

ಗೆದ್ದವನು ಸೋತವನ ಗುಡಿಯನ್ನು ಕಿತ್ತುಕೊಳ್ಳುವ ವಾದವೂ ನಮ್ಮಲ್ಲಿತ್ತು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಶಿವಭಕ್ತನಾದ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿದ್ದನ್ನು, ತಲೆ ಕತ್ತರಿಸಿಕೊಂಡು ಮತ್ತೆ ಪಡೆದ ಪವಾಡವನ್ನು, ಜಿನಬಿಂಬ ಹೋಗಿ ಶಿವ ಬಂದದ್ದನ್ನು, ಬಿಜ್ಜಳ ಜಯಪತ್ರ ಕೊಟ್ಟದ್ದನ್ನು ಹೇಳುತ್ತದೆ. ಅಂಥ ಹಿನ್ನೆಲೆಯಲ್ಲಿ ನೋಡಿದಾಗಲೇ 1368ರಲ್ಲಿ ಬುಕ್ಕರಾಯ ಮಾಡಿದ್ದರ ಬೆಲೆ ತಿಳಿಯುವುದು. ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರಿಗೆ ಪಂಚಮಹಾವಾದ್ಯವೂ ಕಲಶವೂ ಸಲ್ಲುತ್ತವೆ ಎಂದು ಅವನು ಶಾಸನ ಹಾಕಿಸಿದ. ಅದು ಪರಧರ್ಮಕ್ಕೆ ಅರಸ ಕೊಟ್ಟ ಅಭಯ, ಅಷ್ಟು ಮಟ್ಟಿಗೆ ಅದು ಅಮೂಲ್ಯ. ಆದರೆ ಭೇದವಿಲ್ಲ ಎಂಬ ಮಾತು ಅರಸನಿಗೆ ಒಪ್ಪುವಂಥದು. ಜೈನ ವಿದ್ವಾಂಸನಿಗೂ ಶ್ರೀವೈಷ್ಣವ ವಿದ್ವಾಂಸನಿಗೂ, ಸೃಷ್ಟಿಕರ್ತನಾದ ದೇವರಿದ್ದಾನೋ ಇಲ್ಲವೋ ಎಂಬಷ್ಟು ದೊಡ್ಡ ಭೇದವಿದೆ. ನಾವು ವೇದಿಕೆಯ ಮೇಲೆ ಬುಕ್ಕನನ್ನು, ಶರೀಫಜ್ಜನನ್ನು ನೆನೆದು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಆ ಭೇದದ ಬಗ್ಗೆ ಮಾತು ಆರಂಭವಾಗುವುದೇ ಇಲ್ಲ.

ಈಗ ಊರಿನಲ್ಲಿ ಅದು ಇನ್ನೂ ಕಷ್ಟವಾಗಿದೆ. ಕಳೆದ ಬಾರಿ ಹೋದಾಗ, ನೆಂಟರೊಬ್ಬರ ಮನೆಯ ಉಪನಯನದ ಊಟವಾದ ಮೇಲೆ ಕಾಲೇಜು ಓದುವ ಹುಡುಗನೊಬ್ಬ, ಈ ಮಂತ್ರಗಳ ಅರ್ಥ ವಟುವಿಗೂ ತಿಳಿಯದು, ಹೇಳಿಸಿದವರಿಗೂ ತಿಳಿಯದು, ಹಾಗಿದ್ದಮೇಲೆ ಇದರಿಂದ ಏನು ಪ್ರಯೋಜನ ಎಂದು ಕೇಳಿದ. ಮಂತ್ರಕ್ಕೆ ಅರ್ಥವಿದೆಯೇ ಎಂಬುದನ್ನು ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಪೂರ್ವಮೀಮಾಂಸಕರೇ ಪೂರ್ವಪಕ್ಷವಾಗಿ ಎತ್ತಿಕೊಂಡು ಚರ್ಚಿಸಿದ್ದಾರೆ. ಹೇಳುವುದಿದ್ದರೆ ಎಷ್ಟೋ ಹೇಳಬಹುದಿತ್ತು. ಅವನಿಗೆ ಸಿಕ್ಕಿದ್ದು, "ನಿನ್ನ ತಲೆ ಕೆಡಿಸಿದವರು ಯಾರು?" ಎಂಬ ಮರುಪ್ರಶ್ನೆ. ಊರಿನಲ್ಲಿ ಇಂದು ಪ್ರಶ್ನೆ ಕೇಳಿದವನ ಹಿಂದೆ ಯಾರಿದ್ದಾರೆ ಎಂದು ಮೊದಲು ಹುಡುಕುತ್ತಾರೆ. ಇಂಗ್ಲೆಂಡಿನಲ್ಲಿ ಪ್ರಶ್ನೆ ಕೇಳುವವನೇ, ಯಾರಿಗೆ ನೋವಾದೀತೋ ಎಂದು ಮೊದಲೇ ಬಾಯಿ ಕಟ್ಟಿಕೊಳ್ಳುತ್ತಾನೆ. ಧರ್ಮನಿಂದೆಯ ಹಳೆಯ ಅಪರಾಧವನ್ನು ಇಲ್ಲಿ 2008ರಲ್ಲಿ ಕಾನೂನಿನಿಂದ ತೆಗೆದುಹಾಕಿದರು. ನಮ್ಮಲ್ಲಿ ಧಾರ್ಮಿಕ ಭಾವನೆಗೆ ಬೇಕೆಂದೇ ಘಾಸಿ ಮಾಡುವುದನ್ನು ಶಿಕ್ಷಿಸಲು 1927ರಲ್ಲಿ ಬಂದ 295ಎ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಎಂಬ ಸಂಖ್ಯೆ ಪಡೆದು ಮುಂದುವರಿದಿದೆ. ಕಾನೂನು ಬೇರೆ, ಕಾರಣ ಬೇರೆ, ಆದರೂ ಎರಡೂ ಕಡೆ ಹುಡುಗನ ಪ್ರಶ್ನೆ ಉತ್ತರವಿಲ್ಲದೆ ಮನೆಗೆ ಹಿಂತಿರುಗುತ್ತದೆ.

ಅದೇ ಪ್ರಯಾಣದಲ್ಲಿ ಬೈಲುಕುಪ್ಪೆಯ ಟಿಬೆಟನ್ ಬೌದ್ಧರ ಸೆರಾ ಮಠದ ಅಂಗಳದಲ್ಲಿ ಒಂದು ಸಂಜೆ ನಿಂತಿದ್ದೆ. ಕುಳಿತ ಭಿಕ್ಷುವಿನ ಮುಂದೆ ನಿಂತ ಭಿಕ್ಷು ಪ್ರಶ್ನೆ ಹಾಕಿ, ಕಾಲನ್ನು ನೆಲಕ್ಕಪ್ಪಳಿಸಿ, ಅಂಗೈಗೆ ಅಂಗೈ ಬಡಿದು ಉತ್ತರ ಕೇಳುತ್ತಾನೆ. ಕುಳಿತವನ ಬಳಿ ಇರುವ ಉತ್ತರಗಳು ಕೆಲವೇ: ಒಪ್ಪಿದೆ, ಏಕೆ, ಹೇತು ಸಿದ್ಧವಿಲ್ಲ (ನೀನು ಕೊಟ್ಟ ಕಾರಣವೇ ನಿಜವಲ್ಲ), ವ್ಯಾಪ್ತಿ ಇಲ್ಲ (ಆ ಕಾರಣದಿಂದ ಈ ತೀರ್ಮಾನ ಬರುವುದಿಲ್ಲ). ಇವು ಭಾರತದ ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಗಳ ತರ್ಕದಿಂದ ಟಿಬೆಟ್ಟಿಗೆ ಹೋಗಿ, ನಿರಾಶ್ರಿತರ ಜೊತೆ ನಮ್ಮ ನೆಲಕ್ಕೆ ಮರಳಿ ಬಂದ ಪದಗಳು. ತನಗೆ ನಂಬಿಕೆಯಿಲ್ಲದ ಪಕ್ಷವನ್ನೂ ಹಿಡಿದು ಕೊನೆಯವರೆಗೆ ವಾದಿಸುವುದು ಅವರ ಅಭ್ಯಾಸದ ಭಾಗ. 2016ರ ಡಿಸೆಂಬರಿನಲ್ಲಿ ಮುಂಡಗೋಡಿನ ಡ್ರೆಪುಂಗ್ ಮಠದಲ್ಲಿ 20 ಭಿಕ್ಷುಣಿಯರ ಮೊದಲ ತಂಡಕ್ಕೆ ಗೆಶೆಮಾ ಎಂಬ ಉನ್ನತ ವಿದ್ವತ್ ಪದವಿ ಸಿಕ್ಕಿತು. ಜಗಲಿಗೆ ಹತ್ತಲಾಗದವರು ಅಲ್ಲಿ ಹತ್ತಿದರು. ಅವರೆಲ್ಲ ಬೌದ್ಧರೇ, ಒಂದೇ ಪ್ರಮಾಣಗಳನ್ನು ಒಪ್ಪಿದವರೇ, ಹಾಗಾಗಿ ಅವರ ಕ್ರಮವನ್ನು ಹಾಗೆಯೇ ಎತ್ತಿಕೊಂಡು ಲೆಸ್ಟರಿಗೆ ತರಲಾಗದು ಎಂಬುದು ನನಗೆ ಗೊತ್ತು.

ಬಸ್ ನಿಲ್ದಾಣದಲ್ಲಿ ಕ್ಷಮೆ ಕೇಳಿದ ಆ ಹಿರಿಯರಿಗೆ ನಾನು, ಕ್ಷಮೆ ಬೇಡ, ಉತ್ತರ ಹೇಳಲು ಅವಕಾಶ ಕೊಡಿ ಎಂದೆ. ಅವರು ನಿವೃತ್ತ ಗಣಿತ ಶಿಕ್ಷಕರು, ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದವರು. ಇಲ್ಲಿನ ರೂಢಿಯಂತೆ ಹೆಸರು ಹಿಡಿದು ಕರೆಯಿರಿ ಎಂದರೂ ನನಗೆ ನಾಲಿಗೆ ಏಳುವುದಿಲ್ಲ, ಮೇಷ್ಟ್ರೇ ಎನ್ನುತ್ತೇನೆ. ಅರ್ಥ ಹೇಳಿದ ಮೇಲೆ ಅವರಿಗೂ ಅದು ಇಷ್ಟವಾಯಿತು. ಅಂದಿನಿಂದ ಮಂಗಳವಾರದ ಸಂಜೆ ಅವರ ಮನೆಯ ಅಡುಗೆಕೋಣೆಯ ಮೇಜಿನ ಬಳಿ ನಾವು ಕೂರುತ್ತೇವೆ. ಅಜ್ಜನ ನಿಯಮವೊಂದನ್ನೇ ಇಟ್ಟುಕೊಂಡಿದ್ದೇವೆ: ಎದುರಿನವರು ಹೌದು ಎನ್ನುವವರೆಗೆ ಅವರ ಮಾತನ್ನು ನಾವೇ ಹೇಳಬೇಕು.

ಮೊದಲ ವಾರ ನಾನು, ಒಳ್ಳೆಯದನ್ನು ಮಾಡಿದವರಿಗೆ ಸ್ವರ್ಗ ಎಂದು ನೀವು ನಂಬುತ್ತೀರಿ ಎಂದೆ. ಅವರು ತಲೆಯಾಡಿಸಿ, ನಾವು ಒಪ್ಪದೇ ಇರುವುದೇ ಅದನ್ನು ಎಂದರು. ಅವರ ಪ್ರಕಾರ ಕೃಪೆಯನ್ನು ಸಂಪಾದಿಸಲಾಗದು, ಅದು ನಾವು ಕೇಳುವ ಮೊದಲೇ ಎಲ್ಲರಿಗೂ ಬಂದಿರುತ್ತದೆ, ನಾವು ಕೈಚಾಚಬೇಕಷ್ಟೇ. ಇದನ್ನು ಸರಿಯಾಗಿ ಹೇಳಲು ನನಗೆ ಮೂರು ವಾರ ಹಿಡಿಯಿತು. ಆ ಮಾತಿನ ನಡುವೆ ಮೆಥಡಿಸ್ಟ್ ಪಂಥವನ್ನು ಕಟ್ಟಿದ ಜಾನ್ ವೆಸ್ಲಿ ಮತ್ತು ಅವರ ಗೆಳೆಯ, ಉಪದೇಶಕ ಜಾರ್ಜ್ ವೈಟ್‌ಫೀಲ್ಡ್ ಅವರ ಜಗಳ ಬಂತು. ಯಾರು ಉದ್ಧಾರವಾಗಬೇಕೆಂದು ದೇವರು ಮೊದಲೇ ಆರಿಸಿದ್ದಾನೆ ಎಂಬುದನ್ನು ವೈಟ್‌ಫೀಲ್ಡ್ ಒಪ್ಪಿದ್ದರು. ವೆಸ್ಲಿ 1739ರಲ್ಲಿ ಅದನ್ನು ಖಂಡಿಸಿ ಉಪದೇಶ ಮಾಡಿದರು, ವೈಟ್‌ಫೀಲ್ಡ್ 1741ರಲ್ಲಿ ಅಚ್ಚಾದ ಪತ್ರದಲ್ಲಿ ಉತ್ತರಿಸಿದರು. ಇದನ್ನು ಕೇಳುತ್ತಿದ್ದಂತೆ ನನಗೆ ಆಚಾರ್ರ ನೆನಪಾಗಿ, ಮಧ್ವಮತದಲ್ಲಿ ಜೀವರು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಸ್ವಭಾವದಿಂದಲೇ ಮೂರು ಬಗೆ ಎಂಬುದನ್ನೂ, ಉಳಿದ ವೇದಾಂತಿಗಳು ಅದನ್ನು ಒಪ್ಪದಿರುವುದನ್ನೂ ಹೇಳಿದೆ. ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮ ಅಜ್ಜ ವೆಸ್ಲಿಯ ಕಡೆಗೆ ಇರುತ್ತಿದ್ದರು" ಎಂದರು. 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಸ್ಮಾರಕ ಉಪದೇಶ ಮಾಡಿದವರು ವೆಸ್ಲಿಯವರೇ. ಭಿನ್ನಾಭಿಪ್ರಾಯ ಇದೆಯೆಂಬುದನ್ನು ಒಪ್ಪಿಕೊಂಡು ಜೊತೆಗಿರೋಣ ಎಂದು ಇಂಗ್ಲಿಷರು ಇಂದು ಮಾತುಮಾತಿಗೆ ಹೇಳುವ ನುಡಿಗಟ್ಟು ಆ ಉಪದೇಶದಲ್ಲಿದೆ ಎಂದು ಮೇಷ್ಟ್ರು ತೋರಿಸಿದರು. ಮೂವತ್ತು ವರ್ಷ ವಾದಿಸಿದ ಮೇಲೆ, ಗೆಳೆಯನ ಮರಣದ ನಂತರ ವೆಸ್ಲಿ ಆಡಿದ ಮಾತನ್ನು ನಾವು ವಾದ ಆರಂಭವಾಗುವ ಮೊದಲೇ ಆಡಿ ಎದ್ದುಬಿಡುತ್ತೇವೆ ಎಂಬ ದುಃಖ ಅವರ ಮಾತಿನಲ್ಲಿತ್ತು.

ಮೊಮ್ಮಗಳ ಪ್ರಶ್ನೆಗೆ ಬಂದದ್ದು ತಡವಾಗಿ. ದೇವರಿಗೆ ಪಕ್ಷಪಾತ, ನಿರ್ದಯತೆ ಇಲ್ಲವೆಂದು ಹೇಳಲು ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರ 'ವೈಷಮ್ಯನೈರ್ಘೃಣ್ಯೇ ನ' ಎಂದು ಹೊರಟು, ಅವನು ಜೀವರ ಕರ್ಮವನ್ನು ನೋಡಿಕೊಂಡು ಫಲ ಕೊಡುತ್ತಾನೆ ಎನ್ನುತ್ತದೆ ಎಂದು ವಿವರಿಸಿದೆ. ಮೇಷ್ಟ್ರು ಅದನ್ನು ನಿಧಾನವಾಗಿ ಅನುವಾದ ಮಾಡಿದರು: "ದೇವರನ್ನು ಆರೋಪದಿಂದ ಬಿಡಿಸಬೇಕಾಗಿತ್ತು. ಆದ್ದರಿಂದ ಆರೋಪವನ್ನು ಮಗುವಿನ ಮೇಲಿಟ್ಟಿರಿ." ಅನುವಾದ ಸರಿಯಾಗಿತ್ತು, ಹೌದು ಎನ್ನಲೇಬೇಕಾಯಿತು. ನನ್ನ ಸರದಿ ಬಂದಾಗ, "ನೀವು ಆರೋಪವನ್ನು ಯಾರ ಮೇಲೂ ಇಡಲಿಲ್ಲ. ಆದ್ದರಿಂದ ಆ ಮಗುವಿಗೆ ಏಕೆ ಹೀಗಾಯಿತು ಎಂಬುದಕ್ಕೆ ನಿಮ್ಮಲ್ಲಿ ಉತ್ತರವೇ ಇಲ್ಲ" ಎಂದೆ. ಅವರೂ ಹೌದು ಎಂದರು. ಇಬ್ಬರ ನಂಬಿಕೆಯೂ ಬದಲಾಗಲಿಲ್ಲ. ಆದರೆ ಕಾಯಿಲೆಯ ಮಗುವನ್ನು ಕಂಡಾಗ ಪೂರ್ವಕರ್ಮ ಎಂದು ನಾಲಿಗೆಯ ತುದಿಗೆ ಬರುತ್ತಿದ್ದ ಮಾತು ನನಗೆ ಈಗ ಬರುವುದಿಲ್ಲ.

ಹೋದ ಯುಗಾದಿಯ ಊಟಕ್ಕೆ ನಮ್ಮ ಕಡೆಯ ಕನ್ನಡಿಗರೆಲ್ಲ ಸೇರಿದ್ದಾಗ, ಇಲ್ಲಿ ವೈದ್ಯೆಯಾಗಿರುವ ಮಗಳನ್ನು ನೋಡಲು ಶಿಗ್ಗಾವಿ ಕಡೆಯಿಂದ ಬಂದಿದ್ದ ಮುಸ್ಲಿಂ ತಾಯಿಯೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಎರಡು ವರ್ಷದ ಹಿಂದೆ ಅಪಘಾತದಲ್ಲಿ ಮಗನನ್ನು ಕಳೆದುಕೊಂಡವರು. ಒಬ್ಬಟ್ಟಿನ ತಟ್ಟೆ ಬದಿಗಿಟ್ಟು ಕೇಳಿದರು: "ತಮ್ಮಾ, ನಿಮ್ಮೊಳಗ ಸತ್ತೋರು ಮತ್ತ ಹುಟ್ಟಿ ಬರ್ತಾರ ಅಂತಾರಲ್ಲ, ಹಂಗ ಬಂದ್ರ ಮಗ ಅವ್ವನ ಗುರ್ತು ಹಿಡಿತಾನೇನು?" ಏಕೆ ಕೇಳುತ್ತೀರಮ್ಮಾ ಎಂದೆ. "ನಮ್ಮಾಗ ಖಯಾಮತ್ ದಿನ ಎಲ್ಲಾರೂ ಎದ್ದ ನಿಂದರ್ತಾರ. ಅವತ್ತ ಮನಷ್ಯಾ ತನ್ನ ಅವ್ವನ್ನ, ಅಪ್ಪನ್ನ ಬಿಟ್ಟ ಓಡತಾನ ಅಂತ ಕುರಾನ್‌ದಾಗ ಐತಿ. ಆಮ್ಯಾಲೆ ಜನ್ನತ್‌ದಾಗ ಕೂಡಸ್ತಾನ ಅಂತನೂ ಐತಿ. ಆದ್ರ ಆ ಓಡೂದು ಓದಿದಾಗೆಲ್ಲಾ ಹೊಟ್ಯಾಗ ಸಂಕಟ ಆಕ್ಕೈತಿ. ಅದಕ್ಕ ನಿಮ್ಮಾಗ ಏನ ಹೇಳ್ಯಾರ ಅಂತ ಕೇಳಾಕತ್ತೀನಿ."

ಸಮಾಧಾನವಾಗಲೆಂದು ಏನಾದರೂ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮತ್ತೆ ಹುಟ್ಟಿದವನಿಗೆ ಹಿಂದಿನ ಅವ್ವನ ನೆನಪಿರುವುದಿಲ್ಲ, ಅವಳ ಪಕ್ಕದಲ್ಲೇ ಹಾದುಹೋದರೂ ಗುರುತು ಸಿಗುವುದಿಲ್ಲ, ನಮ್ಮವರು ಹೇಳುವುದು ಹೀಗೆ ಎಂದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ಇದರಾಗ ನಮ್ಮದ ಚಲೋ ಐತಿ ತಗೋ ತಮ್ಮಾ" ಎಂದು ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಹೌದಮ್ಮಾ, ಈ ಒಂದರಲ್ಲಿ ನಿಮ್ಮದೇ ಚೆನ್ನಾಗಿದೆ ಎಂದೆ.

ಮುಂದಿನ ಮಂಗಳವಾರ ಇದನ್ನು ಮೇಷ್ಟ್ರಿಗೆ ತಿಳಿಸಿದೆ. ಆಕೆಯ ಮಾತನ್ನು ಪೂರ್ತಿಯಾಗಿ ಹೇಳಿ ಎಂದರು. ಹೇಳಿದೆ. ಇನ್ನೊಮ್ಮೆ, ಏನನ್ನೂ ಬಿಡದೆ, ಎಂದರು.